ಡಿಫರೆನ್ಷಿಯಲ್ ರೇಷಿಯೋ ಎಂದರೆ ಯಾವ ಲೆಕ್ಕ?

ಹಳೆಯ ಅಂಬಾಸಿಡರ್‌ಗೆ ಐದು ಗೇರ್‌ಗಳ ಬಾಕ್ಸ್ ಕೂರಿಸುವ ಹುಚ್ಚು ಹಿಡಿದು ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗೆ ಹೋದಾಗ, ಗಲ್ಲಾದಲ್ಲಿದ್ದ ಹಿರಿಯರು ಕೇಳಿದ್ದು ಒಂದೇ ಪ್ರಶ್ನೆ: ‘ಕ್ರೌನ್ ಯಾವುದು ಸಾರ್?’ ನನಗೆ ಗೊತ್ತಿರಲಿಲ್ಲ. ಗೇರ್‌ಬಾಕ್ಸ್ ಇರುವುದು ಎಂಜಿನ್ನಿನ ಬೆನ್ನಿಗೆ, ಕ್ರೌನ್ ಇರುವುದು ಹಿಂದಿನ ಆಕ್ಸಲ್‌ನ ಹೊಟ್ಟೆಯಲ್ಲಿ. ಮುಂದಿನದನ್ನು ಬದಲಿಸಲು ಹಿಂದಿನದರ ಜಾತಕ ಏಕೆ ಎಂದುಕೊಂಡು ಮನೆಗೆ ಬಂದೆ.

ಅವರು ಕೇಳಿದ್ದು ಡಿಫರೆನ್ಷಿಯಲ್ ರೇಷಿಯೋವನ್ನು. ಗೊಂದಲ ಆ ಹೆಸರಿನಲ್ಲೇ ಇದೆ. ಡಿಫರೆನ್ಷಿಯಲ್ ಎಂಬ ಸಾಧನದ ಕೆಲಸ ತಿರುವಿನಲ್ಲಿ. ಮಿನರ್ವ ವೃತ್ತದಲ್ಲಿ ಕಾರು ತಿರುಗುವಾಗ ಹೊರಬದಿಯ ಚಕ್ರ ಹೆಚ್ಚು ದೂರ ಓಡಬೇಕು, ಒಳಬದಿಯದು ಕಡಿಮೆ. ಈ ವ್ಯತ್ಯಾಸಕ್ಕೆ ಎಡೆ ಮಾಡಿಕೊಡುವ ಪುಟ್ಟ ಗೇರ್‌ಗಳ ಗೂಡೇ ನಿಜವಾದ ಡಿಫರೆನ್ಷಿಯಲ್. ಡಿಫರೆನ್ಷಿಯಲ್ ರೇಷಿಯೋಗೂ ಆ ಕೆಲಸಕ್ಕೂ ಸಂಬಂಧವೇ ಇಲ್ಲ. ಅದು ಆ ಗೂಡನ್ನು ತಿರುಗಿಸುವ ದೊಡ್ಡ ಹಲ್ಲುಚಕ್ರ ಮತ್ತು ಅದಕ್ಕೆ ಕಚ್ಚಿಕೊಂಡ ಚಿಕ್ಕ ಹಲ್ಲುಚಕ್ರದ ಲೆಕ್ಕ. ದೊಡ್ಡದು ಕ್ರೌನ್, ಚಿಕ್ಕದು ಪಿನಿಯನ್. ಕ್ರೌನ್‌ಗೆ 41 ಹಲ್ಲು, ಪಿನಿಯನ್‌ಗೆ 9 ಹಲ್ಲು ಇದ್ದರೆ ಅನುಪಾತ 4.56. ಅಂದರೆ ಪ್ರೊಪೆಲ್ಲರ್ ಶಾಫ್ಟ್ (ಗೇರ್‌ಬಾಕ್ಸ್‌ನಿಂದ ಹಿಂದಿನ ಆಕ್ಸಲ್‌ಗೆ ಹೋಗುವ ಉದ್ದನೆಯ ದಂಡ) ನಾಲ್ಕೂವರೆ ಸುತ್ತಿಗಿಂತ ತುಸು ಹೆಚ್ಚು ತಿರುಗಿದಾಗ ಚಕ್ರ ಒಂದು ಸುತ್ತು ಹಾಕುತ್ತದೆ. ಗ್ಯಾರೇಜಿನವರು ಇದನ್ನು ‘ಕ್ರೌನ್-ಪಿನಿಯನ್’ ಎಂದೇ ಕರೆಯುತ್ತಾರೆ. ಪುಸ್ತಕದ ಹೆಸರಿಗಿಂತ ಅವರದೇ ಸರಿ.

ದುಂಡಗೆ ನಾಲ್ಕೋ ಐದೋ ಇಡದೆ ಈ ಚಿಲ್ಲರೆ ಏಕೆ ಎಂದು ಕೇಳಬಹುದು. 41 ಮತ್ತು 9ಕ್ಕೆ ಸಮಾನ ಅಪವರ್ತನವಿಲ್ಲ. ಹಾಗಾಗಿ ಪಿನಿಯನ್ನಿನ ಪ್ರತಿ ಹಲ್ಲೂ ಸರದಿಯ ಮೇಲೆ ಕ್ರೌನ್‌ನ ಪ್ರತಿ ಹಲ್ಲನ್ನೂ ಕಚ್ಚುತ್ತದೆ. ಅದದೇ ಜೋಡಿ ಮತ್ತೆ ಮತ್ತೆ ಉಜ್ಜಿಕೊಳ್ಳುವುದಿಲ್ಲ, ಸವೆತ ಸಮನಾಗುತ್ತದೆ. 8ಕ್ಕೆ 39, 10ಕ್ಕೆ 43, 11ಕ್ಕೆ 43 ಎಂಬ ವಿಚಿತ್ರ ಜೋಡಿಗಳ ಗುಟ್ಟು ಇದೇ.

ಸಂಖ್ಯೆ ದೊಡ್ಡದಾದಷ್ಟೂ ಎಳೆತ ಜಾಸ್ತಿ, ಓಟ ಕಡಿಮೆ. ವಿಲ್ಲೀಸ್ ಸಿಜೆ ಜೀಪುಗಳ 5.38 ಕೆಸರಿನಿಂದ ಮೇಲೆ ಬರುವುದಕ್ಕೆ ಹೇಳಿ ಮಾಡಿಸಿದ್ದು. ಹೆದ್ದಾರಿಯಲ್ಲಿ ಅದೇ ಜೀಪು ಬೊಬ್ಬೆ ಹೊಡೆಯುತ್ತದೆ.

ನನ್ನ ಕಾರಿನ ಕ್ರೌನ್ ಯಾವುದೆಂದು ಆಕ್ಸಲ್‌ನ ಹೌಸಿಂಗ್ (ಕವಚ) ಬಿಚ್ಚದೆ ತಿಳಿಯುವ ಉಪಾಯ ಸುಲಭವಾದದ್ದು. ಆದರೂ ನಾನು ಎಡವಿದೆ. ಗೇರ್ ನ್ಯೂಟ್ರಲ್‌ಗೆ ತಂದು, ನೆಲದ ಮೇಲಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಬಿಟ್ಟು, ಹಿಂದಿನ ಒಂದು ಚಕ್ರವನ್ನು ಮಾತ್ರ ಜಾಕ್ ಮೇಲೆ ಎತ್ತಿದೆ. ಟೈರಿಗೂ ಶಾಫ್ಟಿಗೂ ಸೀಮೆಸುಣ್ಣದ ಗುರುತು ಹಾಕಿ ಚಕ್ರವನ್ನು ಒಂದು ಸುತ್ತು ತಿರುಗಿಸಿದರೆ ಶಾಫ್ಟ್ ಎರಡೂವರೆ ಸುತ್ತನ್ನೂ ಮುಟ್ಟಲಿಲ್ಲ. ಹಿಂದಿನ ಮಾಲೀಕರು ಯಾವುದೋ ಕಾರಿನ ಆಕ್ಸಲ್ ಹಾಕಿಬಿಟ್ಟಿದ್ದಾರೆಂದು ಎದೆ ಝಲ್ಲೆಂದಿತು. ಮೆಕ್ಯಾನಿಕ್ ನಕ್ಕುಬಿಟ್ಟರು: ‘ಇನ್ನೊಂದು ಚಕ್ರ ನೆಲದ ಮೇಲೆ ನಿಂತಿದೆಯಲ್ಲ ಸಾರ್, ಎರಡು ಸುತ್ತು ತಿರುಗಿಸಿ.’ ಒಂದು ಚಕ್ರ ಕದಲದಿದ್ದಾಗ ಇನ್ನೊಂದು ಎರಡು ಸುತ್ತು ತಿರುಗಿದರಷ್ಟೇ ಕ್ರೌನ್ ಒಂದು ಸುತ್ತು ಹೋಗುತ್ತದೆ. ಡಿಫರೆನ್ಷಿಯಲ್ ತನ್ನ ನಿಜವಾದ ಕೆಲಸವನ್ನು ಅಲ್ಲೇ ತೋರಿಸಿಕೊಟ್ಟಿತ್ತು. ಎರಡು ಸುತ್ತು ತಿರುಗಿಸಿದಾಗ ಶಾಫ್ಟಿನ ಗುರುತು ಐದನೆಯ ಸುತ್ತು ಮುಗಿಯಲು ಅರೆಪಾವಿನಷ್ಟು ಬಾಕಿ ಇರುವಾಗ ನಿಂತಿತು. 8ಕ್ಕೆ 39, ಅಂದರೆ 4.875.

ಇನ್ನು ಗೇರ್‌ಬಾಕ್ಸ್‌ನ ಸಂಬಂಧ. ಎಂಜಿನ್ನಿನಿಂದ ಚಕ್ರಕ್ಕೆ ಬರುವಷ್ಟರಲ್ಲಿ ಎರಡು ಗುಣಾಕಾರಗಳು ನಡೆಯುತ್ತವೆ: ಗೇರಿನ ಅನುಪಾತ, ಅದರ ಮೇಲೆ ಕ್ರೌನ್‌ನ ಅನುಪಾತ. ಚಕ್ರಕ್ಕೆ ಗೊತ್ತಾಗುವುದು ಗುಣಲಬ್ಧ ಮಾತ್ರ. ನನ್ನ ಟೈರು ಒಂದು ಸುತ್ತಿಗೆ ಹತ್ತಿರ ಹತ್ತಿರ 2 ಮೀಟರ್ ಉರುಳುತ್ತದೆ (ಇದನ್ನೂ ಸೀಮೆಸುಣ್ಣದಲ್ಲೇ ಅಳೆದೆ). ಹಳೆಯ ಬಾಕ್ಸ್‌ನ ಟಾಪ್ ಗೇರ್ 1ಕ್ಕೆ 1. ಗಂಟೆಗೆ 80 ಕಿ.ಮೀ. ಓಡಿದರೆ ಎಂಜಿನ್ ನಿಮಿಷಕ್ಕೆ 3,250 ಸುತ್ತು ತಿರುಗಬೇಕು. ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಕಾರುಗಳಿಗೆ ಬಿಟ್ಟಿರುವ 100ಕ್ಕೆ ಹೋದರೆ 4,060 ದಾಟುತ್ತದೆ. 1489 ಸಿಸಿಯ ಆ ಹಳೆಯ ಎಂಜಿನ್ನಿಗೆ ಅದು ಹಿಂಸೆ. ಕೂರಿಸಬೇಕೆಂದಿದ್ದ ಬಾಕ್ಸ್‌ನ ಐದನೆಯ ಗೇರ್ 0.85, ಅಂದರೆ ಶಾಫ್ಟಿನ ಒಂದು ಸುತ್ತಿಗೆ ಎಂಜಿನ್ನಿನದು 0.85 ಸುತ್ತು (ಇಂಥ ಗೇರಿಗೆ ಓವರ್‌ಡ್ರೈವ್ ಎನ್ನುತ್ತಾರೆ). ಕ್ರೌನ್ ಮುಟ್ಟದೆಯೇ 100ರಲ್ಲಿ ಎಂಜಿನ್ 3,450ಕ್ಕೆ ಇಳಿಯುತ್ತದೆ.

ಆಸೆ ಹುಟ್ಟುವುದು ಇಲ್ಲೇ. ಅಂಬಾಸಿಡರ್‌ನ ಮೂಲ ವಿನ್ಯಾಸ ಬಂದ ಬ್ರಿಟನ್ನಿನ ಬಿಎಂಸಿ ಬಳಗದ ಎಂಜಿಬಿ ಕಾರಿನಲ್ಲಿದ್ದ 3.909ರ ಕ್ರೌನನ್ನೂ ಹಾಕಿಬಿಟ್ಟರೆ? 100ರಲ್ಲಿ 2,770 ಸುತ್ತು. ಕಾಗದದ ಮೇಲೆ ಸ್ವರ್ಗ. ಆದರೆ ಮೊದಲ ಗೇರಿನ ಲೆಕ್ಕವನ್ನೂ ಮಾಡಬೇಕು. ಹಳೆಯ ಬಾಕ್ಸ್‌ನ ಮೊದಲ ಗೇರ್ 3.8, ಕ್ರೌನ್ ಸೇರಿ 18.5. ಹೊಸದರ ಮೊದಲ ಗೇರ್ 3.5; 3.909ರೊಂದಿಗೆ 13.7. ನಿಂತಲ್ಲಿಂದ ಹೊರಡುವ ಬಲದಲ್ಲಿ ಕಾಲು ಭಾಗಕ್ಕೂ ಹೆಚ್ಚು ಖೋತಾ. ಐದು ಜನ ಕುಳಿತು, ಫ್ಲೈಓವರ್ ಏರಿನ ನಡುವೆ ಟ್ರಾಫಿಕ್ ನಿಂತಾಗ ಹಾಫ್ ಕ್ಲಚ್‌ನಲ್ಲೇ ತೆವಳಬೇಕು. ಕ್ಲಚ್ ಪ್ಲೇಟಿನ ಕಮಟು ವಾಸನೆ ಬೆಂಗಳೂರಿನವರಿಗೆ ಹೊಸದಲ್ಲ. ಮೇಲಾಗಿ ಐದನೆಯ ಗೇರಿನಲ್ಲಿ ಸಣ್ಣ ಏರು ಬಂದರೂ ಎಂಜಿನ್ ಉಸಿರುಗಟ್ಟಿ ನಾಲ್ಕಕ್ಕೆ ಇಳಿಸಬೇಕಾಗುತ್ತದೆ. ಬಳಸಲಾಗದ ಗೇರಿಗೆ ದುಡ್ಡು ಕೊಟ್ಟಂತೆ. ಓವರ್‌ಡ್ರೈವ್ ಇರುವ ಬಾಕ್ಸೋ ಸಣ್ಣ ಸಂಖ್ಯೆಯ ಕ್ರೌನೋ, ಬಡ ಎಂಜಿನ್ನಿಗೆ ಎರಡರಲ್ಲಿ ಒಂದು ಸಾಕು ಎಂಬುದು ನನ್ನ ಅಭಿಪ್ರಾಯ. ನಾನು ಮಧ್ಯದ 4.56ಕ್ಕೆ ಒಪ್ಪಿಕೊಂಡೆ: ಮೊದಲ ಗೇರಿನಲ್ಲಿ 15.9, ಐದನೆಯದರಲ್ಲಿ 100ಕ್ಕೆ 3,230 ಸುತ್ತು.

ಆಟೊಮ್ಯಾಟಿಕ್ ತೆಗೆದು ಮ್ಯಾನುಯಲ್ ಹಾಕುವ ಹಳೆಯ ಅಮೆರಿಕನ್ ಕಾರುಗಳಲ್ಲಿ ತೊಂದರೆ ಇದಕ್ಕೆ ತಿರುಗುಮುರುಗು. ಅವುಗಳಲ್ಲಿ 2.73ರಂಥ ಸಣ್ಣ ಅನುಪಾತ ಹಾಕಿದರೂ ನಡೆಯುತ್ತಿತ್ತು. ಹೊರಡುವ ಗಳಿಗೆಯಲ್ಲಿ ಟಾರ್ಕ್ ಕನ್ವರ್ಟರ್ (ಆಟೊಮ್ಯಾಟಿಕ್‌ನಲ್ಲಿ ಕ್ಲಚ್‌ನ ಜಾಗದಲ್ಲಿರುವ ಸಾಧನ) ತಾನೇ ಎಂಜಿನ್ನಿನ ತಿರುಚುಬಲವನ್ನು ಸುಮಾರು ಎರಡು ಪಟ್ಟು ಮಾಡುತ್ತಿತ್ತು. ಕ್ಲಚ್‌ಗೆ ಆ ಕೈಗುಣವಿಲ್ಲ. ಮಸ್ಟಾಂಗ್ ಜಿಟಿಯಲ್ಲಿ ಬಂದ ಟಿ-5 ಬಾಕ್ಸ್‌ನ ಮೊದಲ ಗೇರ್ 3.35; 2.73ರೊಂದಿಗೆ ಗುಣಲಬ್ಧ ಬರೀ 9.1. ಅದರ ಐದನೆಯ ಗೇರ್ 0.68 ಆದ್ದರಿಂದ ಕ್ರೌನನ್ನು 3.55ರ ಆಸುಪಾಸಿಗೆ ಏರಿಸಿದರೂ ಹೆದ್ದಾರಿಯ ಓಟಕ್ಕೆ ಧಕ್ಕೆಯಿಲ್ಲ.

ಶಿವಾಜಿನಗರದ ಗುಜರಿಯಲ್ಲಿ ಹುಡುಕುವವರಿಗೆ ಒಂದು ಮಾತು: ಕ್ರೌನ್ ಮತ್ತು ಪಿನಿಯನ್ ಹುಟ್ಟಿನಿಂದಲೇ ಜೋಡಿ. ಕಾರ್ಖಾನೆಯಲ್ಲಿ ಒಂದಕ್ಕೊಂದು ಉಜ್ಜಿ ಕೂರಿಸಿ, ಎರಡರ ಮೇಲೂ ಒಂದೇ ಸಂಖ್ಯೆ ಒತ್ತಿರುತ್ತಾರೆ. ಬೇರೆ ಬೇರೆ ಮನೆಯವನ್ನು ತಂದು ಕೂಡಿಸಿದರೆ ಹಿಂದಿನ ಸೀಟಿನ ಕೆಳಗಿನಿಂದ ನರಿ ಊಳಿಟ್ಟಂತೆ ಕೇಳಿಸುತ್ತದೆ.

ಸ್ಪೀಡೋಮೀಟರ್ ಕೇಬಲ್ ಗೇರ್‌ಬಾಕ್ಸ್‌ನ ಹಿಂತುದಿಯಿಂದ ಬರುವ ಕಾರಣ ಅದಕ್ಕೆ ಆಕ್ಸಲ್‌ನಲ್ಲಿ ಆದ ಬದಲಾವಣೆ ತಿಳಿಯುವುದಿಲ್ಲ. ನನ್ನದು ಈಗ ನಿಜವಾದ 80ಕ್ಕೆ 75 ತೋರಿಸುತ್ತಿದೆ. ಕೇಬಲ್‌ನ ಬುಡದ ಪುಟ್ಟ ಪ್ಲಾಸ್ಟಿಕ್ ಗೇರ್ ಸಿಗುವವರೆಗೆ, ಮುಳ್ಳು 93ರ ಮೇಲೆ ಹೋಗದಂತೆ ಗಾಜಿಗೆ ಕೆಂಪು ಟೇಪಿನ ಚೂರೊಂದನ್ನು ಅಂಟಿಸಿಕೊಂಡಿದ್ದೇನೆ.