ಭಟ್ಟಿಗೆ ಹೊರಟ ಜಂತಿಗಳು

ಹೋದ ಬೇಸಿಗೆಯಲ್ಲಿ ಕೊಪ್ಪಳದ ಹತ್ತಿರದ ಒಂದು ಹಳ್ಳಿಗೆ ಅಳತೆ ತೆಗೆದುಕೊಳ್ಳಲು ಹೋಗಿದ್ದೆ. ಹೊಸ ಮನೆ ಕಟ್ಟಿ ಮುಗಿದಿತ್ತು, ಪಕ್ಕದ ಹಳೇ ಮಾಳಿಗೆ ಮನೆ ಕೆಡವುತ್ತಿದ್ದರು. ಮೇಲಿನ ಮಣ್ಣು ತೆಗೆದು, ಜಂತಿಗಳನ್ನು ಒಂದೊಂದಾಗಿ ಇಳಿಸಿ ಟ್ರ್ಯಾಕ್ಟರ್‌ಗೆ ಎಸೆಯುತ್ತಿದ್ದರು. "ಎಲ್ಲಿಗೆ ಹೊಂಟಾವು ಇವು?" ಅಂದೆ. "ಇಟ್ಟಂಗಿ ಭಟ್ಟಿಗೆ ರೀ" ಅಂದ ಡ್ರೈವರ್.

ಯಜಮಾನರು ಅಷ್ಟರಲ್ಲಿ ಮೊಬೈಲ್ ಹಿಡಿದುಕೊಂಡು ಬಂದರು. ಗೋಡೆ ತುಂಬ ಕಂದು ಪಟ್ಟಿ ಬಡಿದ ಒಂದು ಟಿವಿ ಯೂನಿಟ್‌ನ ಫೋಟೊ. "ಇಂಥಾದ್ದ ಬೇಕ್ರಿ ಸರ್. ಖರ್ಚಿನ ಚಿಂತಿ ಮಾಡಬ್ಯಾಡ್ರಿ. ನೋಡಿದ್ರ ಕಟ್ಟಿಗಿ ಇದ್ದಂಗ ಕಾಣಬೇಕು."

ಕಟ್ಟಿಗೆಯಂತೆ ಕಾಣುವ ಪ್ಲಾಸ್ಟಿಕ್‌ಗೆ ದುಡ್ಡು ತಯಾರಿತ್ತು. ನಿಜವಾದ ಕಟ್ಟಿಗೆ ಭಟ್ಟಿಗೆ ಹೊರಟಿತ್ತು. ಟ್ರ್ಯಾಕ್ಟರ್ ನಿಲ್ಲಿಸಿ ಎಂದೆ.

ಹೊಗೆ ಹಿಡಿದು ಕರ್ರಗಾಗಿದ್ದ ಒಂದು ತೊಲೆಯ ತುದಿಯನ್ನು ಉಳಿಯಿಂದ ಸ್ವಲ್ಪ ಕೆತ್ತಿ ತೋರಿಸಿದೆ. ಮೇಲಿನ ಮಸಿ ಒಂದು ನೂಲಿನಷ್ಟೂ ದಪ್ಪ ಇರಲಿಲ್ಲ. ಒಳಗೆ ಬೆಲ್ಲದ ಬಣ್ಣದ ತೇಗ, ಎಣ್ಣೆಯ ಘಮ. ಯಜಮಾನರು ಬೆರಳಲ್ಲಿ ಮುಟ್ಟಿ ನೋಡಿ, "ಇದು ಇನ್ನೂ ಜೀವಂತ ಐತಲ್ರೀ" ಅಂದರು. ಜಂತಿಗಳಲ್ಲಿ ಹೆಚ್ಚಿನವು ಬೇವು. ಎರಡು ತೊಲೆ ಮತ್ತು ನಾಲ್ಕು ಕಂಬ ತೇಗ. ಆರು ಇಂಚು ಅಗಲ, ಆರು ಇಂಚು ದಪ್ಪ, ಹತ್ತು ಅಡಿ ಉದ್ದದ ಒಂದು ತೊಲೆ ಅಂದರೆ ಎರಡೂವರೆ ಘನ ಅಡಿ. ಲೆಕ್ಕ ಸುಲಭ: ಇಂಚಿನಲ್ಲಿ ಅಗಲ, ಇಂಚಿನಲ್ಲಿ ದಪ್ಪ, ಅಡಿಯಲ್ಲಿ ಉದ್ದ, ಮೂರನ್ನೂ ಗುಣಿಸಿ 144ರಿಂದ ಭಾಗಿಸಿ. ಟಿಂಬರ್ ಅಂಗಡಿಯಲ್ಲಿ ತೇಗದ ಇವತ್ತಿನ ದರ ಕೇಳಿ ಅದಕ್ಕೆ ಗುಣಿಸಿದರೆ ಭಟ್ಟಿಗೆ ಏನು ಹೋಗುತ್ತಿತ್ತು ಅಂತ ಗೊತ್ತಾಗುತ್ತದೆ.

ಆದರೆ ನಾನು ಹಳೇ ಕಟ್ಟಿಗೆಯ ಹಿಂದೆ ಬೀಳುವುದು ಬರೀ ದುಡ್ಡಿಗಾಗಿ ಅಲ್ಲ. ಆ ತೊಲೆ ನಮ್ಮ ಬಿಸಿಲಲ್ಲಿ ಎಷ್ಟೋ ಬೇಸಿಗೆ ಕಳೆದಿದೆ. ಕುಗ್ಗುವುದು, ಬಿರಿಯುವುದು, ಸೊಟ್ಟಗಾಗುವುದು ಬಹುಪಾಲು ಮುಗಿಸಿ ಸುಮ್ಮನಾಗಿದೆ. ಹೊಸ ಕಟ್ಟಿಗೆ ಹಾಗಲ್ಲ. ಈ ಪಾಠ ನನಗೆ ದುಬಾರಿಯಾಗಿಯೇ ಬಂತು.

ಕೆಲಸ ಶುರು ಮಾಡಿದ ಹೊಸದರಲ್ಲಿ ರಾಯಚೂರಿನ ಒಂದು ಮನೆಗೆ ಮೂರಡಿ ಅಗಲದ ತೇಗದ ಊಟದ ಟೇಬಲ್ ಮಾಡಿಕೊಟ್ಟೆ. ಮಳೆಗಾಲದಲ್ಲಿ ಮಲೆನಾಡಿನ ಕಡೆಯಿಂದ ಬಂದ ಹಲಗೆ. ಒಣಗಿದೆ ಅಂದರು, ನಂಬಿದೆ. ಹಲಗೆಯನ್ನು ಕೆಳಗಿನ ಚೌಕಟ್ಟಿಗೆ ನಾಲ್ಕೂ ಕಡೆ ಸ್ಕ್ರೂ ಹಾಕಿ, ಮೇಲೆ ಅಂಟು ಬೇರೆ ಬಳಿದು, ಅಲ್ಲಾಡದಂತೆ ಬಿಗಿದೆ. ನೋಡಲು ಬಹಳ ಚೆನ್ನಾಗಿತ್ತು. ಏಪ್ರಿಲ್‌ನಲ್ಲಿ ಬೆಳಿಗ್ಗೆ ಆರಕ್ಕೇ ಆ ಮನೆಯಿಂದ ಫೋನ್. "ಸರ್, ರಾತ್ರಿ ಟೇಬಲ್ ಪಟಾಕಿ ಹೊಡದಂಗ ಸಪ್ಪಳ ಮಾಡ್ತ್ರಿ." ಹೋಗಿ ನೋಡಿದರೆ ನಡುವೆ ಈ ತುದಿಯಿಂದ ಆ ತುದಿಗೆ ಬಿರುಕು. ಅದರಲ್ಲಿ ಚಮಚದ ಹಿಡಿ ಹೋಗುತ್ತಿತ್ತು.

ನಮ್ಮ ವರ್ಕ್‌ಶಾಪಿನ ಹಿರಿಯ ಬಡಿಗ ಕಾಕಾ ಬಗ್ಗಿ ಕೆಳಗೆ ನೋಡಿ ಒಂದೇ ಮಾತು ಕೇಳಿದರು: "ತಮ್ಮಾ, ನಾಕೂ ಕಡಿ ಬಡದು ಕುಂದ್ರಿಸಿದ್ರ ಅದು ಎಲ್ಲಿಗೆ ಹೋಗಬೇಕು?"

ಲೆಕ್ಕ ಹೀಗಿದೆ. ಕಟ್ಟಿಗೆ ಉದ್ದಕ್ಕೆ ಕುಗ್ಗುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಕುಗ್ಗುವುದೆಲ್ಲಾ ಅಡ್ಡಕ್ಕೆ. ಒಳಗಿನ ತೇವ ಶೇ. 18 ಇದ್ದ ತೇಗದ ಹಲಗೆ ನಮ್ಮ ಒಣ ಹವೆಯಲ್ಲಿ ಶೇ. 8ಕ್ಕೆ ಇಳಿದರೆ, ಮೂರಡಿ ಅಗಲದಲ್ಲಿ ಸುಮಾರು ಅರ್ಧ ಇಂಚು ಕಡಿಮೆಯಾಗುತ್ತದೆ. ಸ್ಕ್ರೂ ಬಿಡುವುದಿಲ್ಲ, ಹಲಗೆಗೆ ಕುಗ್ಗಲೇಬೇಕು. ಇನ್ನೇನಾಗುತ್ತೆ? ಈಗ ನಾನು ಚೌಕಟ್ಟಿನಲ್ಲಿ ಸ್ಕ್ರೂ ತೂತನ್ನು ದುಂಡಗೆ ಕೊರೆಸುವುದಿಲ್ಲ. ಹಲಗೆಯ ಅಗಲದ ದಿಕ್ಕಿಗೆ ಉದ್ದುದ್ದ ಕೊರೆಸಿ ವಾಷರ್ ಹಾಕಿಸುತ್ತೇನೆ. ಹಲಗೆ ತನ್ನ ಪಾಡಿಗೆ ಆಚೀಚೆ ಸರಿಯುತ್ತದೆ, ಸ್ಕ್ರೂ ಜಾರುತ್ತದೆ. ಆ ಜಾಗಕ್ಕೆ ಅಂಟು ಹಾಕಲೇಬಾರದು. ತೇವ ಅಳೆಯುವ ಸಣ್ಣ ಮೀಟರ್ ಕೂಡ ಜೇಬಲ್ಲಿರುತ್ತದೆ. ಶೇ. 12ಕ್ಕಿಂತ ಮೇಲಿದ್ದರೆ ಹಲಗೆಗಳ ನಡುವೆ ಸಣ್ಣ ರೀಪು ಇಟ್ಟು ನೆರಳಲ್ಲಿ ಪೇರಿಸಿ ಕಾಯುತ್ತೇವೆ. ಗಿರಾಕಿ ಬೈದರೂ ಕಾಯುತ್ತೇವೆ.

ಗಂಗಾವತಿ, ಸಿಂಧನೂರಿನ ಕಾಲುವೆ ಕಡೆ ಕಥೆ ಸ್ವಲ್ಪ ಬೇರೆ. ಸುತ್ತ ಭತ್ತದ ಗದ್ದೆ, ನೆಲದಲ್ಲಿ ತೇವ. ಅಲ್ಲಿ ಮಳೆಗಾಲದಲ್ಲಿ ಡ್ರಾಯರ್ ಉಬ್ಬಿ ಕಚ್ಚಿಕೊಳ್ಳುತ್ತದೆ, ಗೆದ್ದಲಿನ ಕಾಟವೂ ಇದ್ದೇ ಇರುತ್ತದೆ. ಬೇಸಿಗೆಯಲ್ಲಿ ಮಾಡಿದ ಡ್ರಾಯರ್‌ಗೆ ಎರಡು ಮಿಲಿಮೀಟರ್ ಸಡಿಲ ಬಿಡಿ. ಕಪಾಟಿನ ಕಾಲ ಕೆಳಗೆ ಗ್ರಾನೈಟ್ ತುಂಡು ಇಡಿ. ಹಳೇ ಮನೆಯ ಕಂಬಗಳೆಲ್ಲಾ ಕಲ್ಲಿನ ಮೇಲೇ ನಿಂತಿರುತ್ತವೆ, ಗಮನಿಸಿದ್ದೀರಾ?

ಮತ್ತೆ ಆ ಜಂತಿಗಳಿಗೆ ಬರುತ್ತೇನೆ. ಹಳೇ ಕಟ್ಟಿಗೆಯಲ್ಲಿ ದೊಡ್ಡ ಶತ್ರು ಮೊಳೆ. ಸಾಮಿಲ್‌ನವರು ನೋಡಿದ ಕೂಡಲೇ ಬೇಡ ಅನ್ನುತ್ತಾರೆ, ಅವರ ಬ್ಲೇಡಿನ ಹಲ್ಲು ಹೋಗುತ್ತದೆ. ಮೊದಲು ಒಂದು ಗಟ್ಟಿ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಇಡೀ ತೊಲೆಯ ಮೇಲೆ ಓಡಾಡಿಸಿ. ಎಲ್ಲಿ ಎಳೆಯುತ್ತದೋ ಅಲ್ಲಿ ಸೀಮೆಸುಣ್ಣದ ಗುರುತು ಹಾಕಿ, ಮೊಳೆ ಕಿತ್ತ ಮೇಲೆಯೇ ಸೀಳಿಸಿ. ಹುಳ ಕೊರೆದ ಸಣ್ಣ ತೂತುಗಳಿದ್ದರೆ ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ಕರಗಿಸಿದ ನೀರನ್ನು ಎರಡು ಮೂರು ಸಲ ಬಳಿದು ಒಣಗಿಸಿ. ಇನ್ನೊಂದು ಮಾತು. ಹಳೇ ಬಾಗಿಲಿನ ಆಯಿಲ್ ಪೇಂಟ್‌ನಲ್ಲಿ ಸೀಸ ಇರಬಹುದು. ಮನೆಯೊಳಗೆ ಒಣಗಿದ್ದಂತೆಯೇ ಉಜ್ಜಿ ಧೂಳೆಬ್ಬಿಸಬೇಡಿ. ಮಕ್ಕಳಿರುವ ಮನೆಯಲ್ಲಂತೂ ಬೇಡವೇ ಬೇಡ.

ಒಂದು ತೊಲೆ ಸೀಳಿ ಪಡಸಾಲೆಗೆ ಬೆಂಚು ಮಾಡಿದೆವು. ಮೇಲ್ಭಾಗ ಮಾತ್ರ ನುಣುಪು, ಬದಿಗಳಲ್ಲಿ ಹಿಂದಿನ ಬಡಿಗ ಬಾಚಿಯಿಂದ ಹೊಡೆದ ಗುರುತು ಹಾಗೇ ಬಿಟ್ಟೆವು. ಕಂಬದ ಮೇಲಿದ್ದ ಬೋದಿಗೆಗಳು ಟಿವಿ ಕೆಳಗಿನ ಹಲಗೆಗೆ ಆಸರೆಯಾದವು. ಗೋಡೆ ತುಂಬ ಪಟ್ಟಿ ಬಡಿಯುವುದು ತಾನಾಗೇ ತಪ್ಪಿತು, ಯಜಮಾನರೇ ಬೇಡ ಅಂದರು. ಆ ಪಟ್ಟಿ ಪ್ಯಾನಲ್‌ಗಳ ಬಗ್ಗೆ ನನಗೆ ಮೊದಲಿಂದಲೂ ಸಿಟ್ಟು. ಬಳ್ಳಾರಿ, ಸಂಡೂರು ಕಡೆ ಅದಿರಿನ ಕೆಂಪು ಧೂಳು ಹೇಗೆ ಬರುತ್ತದೆ ಅಂತ ಅಲ್ಲಿ ಇರುವವರನ್ನು ಕೇಳಿ. ಪ್ರತಿ ಸಂದಿಯಲ್ಲೂ ಕೂತುಬಿಡುತ್ತದೆ. ಒರೆಸುವವರು ಯಾರು? ಪ್ಯಾನಲ್ ಮಾರಿದವರಂತೂ ಬರುವುದಿಲ್ಲ.

ಅಟ್ಟದ ಮೇಲೆ ಒಂದು ಕೂರಿಗೆ ಬಟ್ಟಲು ಸಿಕ್ಕಿತು. ಬಿತ್ತನೆಯ ಹೊತ್ತಿಗೆ ಕಾಳು ಹಾಕುತ್ತಿದ್ದ ಬಟ್ಟಲು. ಅದನ್ನು ಬೋರಲು ಮಾಡಿ ಊಟದ ಮೇಜಿನ ಮೇಲೆ ದೀಪವಾಗಿ ತೂಗುಹಾಕಿದೆವು. ಕಾಳು ಇಳಿಯುತ್ತಿದ್ದ ತೂತುಗಳಲ್ಲೇ ವೈರ್ ಹೋಯಿತು, ಹೊಸದಾಗಿ ಒಂದೂ ಕೊರೆಯಲಿಲ್ಲ. ಎಲ್‌ಇಡಿ ಬಲ್ಬೇ ಹಾಕಿ, ಹಳೇ ಬಲ್ಬಿನ ಶಾಖಕ್ಕೆ ಕಟ್ಟಿಗೆ ಸೀಯುತ್ತದೆ.

ಹಳೇ ಮನೆ ಇಲ್ಲದವರು ಏನು ಮಾಡಬೇಕು? ನನ್ನ ಉತ್ತರ ಕೇಳಿ ನಗುತ್ತಾರೆ: ಬಳ್ಳಾರಿ ಜಾಲಿ. ನಮ್ಮ ಜಿಲ್ಲೆಯ ಹೆಸರೇ ಅಂಟಿಕೊಂಡಿರುವ ಈ ಗಿಡ ನಿಜಕ್ಕೂ ಅಮೆರಿಕ ಖಂಡದ್ದು. 19ನೇ ಶತಮಾನದ ಕೊನೆಯ ಹೊತ್ತಿಗೆ ಇಲ್ಲಿಗೆ ಬಂತು, ಆಮೇಲೆ ಹೋಗಲೇ ಇಲ್ಲ. ಹೊಲ, ಕೆರೆ ಅಂಗಳ, ರಸ್ತೆ ಬದಿ ಎಲ್ಲಾ ಅದೇ. ಕಡಿದು ಸುಡುತ್ತೇವೆ, ಇದ್ದಿಲು ಮಾಡುತ್ತೇವೆ, ಮುಳ್ಳು ಚುಚ್ಚಿದಾಗ ಬೈಯುತ್ತೇವೆ. ಆದರೆ ಟೆಕ್ಸಾಸ್‌ನಲ್ಲಿ ಇದರ ದಾಯಾದಿ ಮೆಸ್ಕೀಟ್ ಮರದಿಂದ ಪೀಠೋಪಕರಣ ಮಾಡುತ್ತಾರೆ, ನೆಲಕ್ಕೂ ಹಾಸುತ್ತಾರೆ. ಕಾರಣ ಇದೆ. ಒಳಗಿನ ಚೇಗು ಕಡು ಕಂದು, ತೇಗಕ್ಕಿಂತ ಗಟ್ಟಿ. ಒಣಗುವಾಗ ಕುಗ್ಗುವುದೂ ತೇಗಕ್ಕಿಂತ ಕಡಿಮೆ. ನನ್ನ ರಾಯಚೂರಿನ ಟೇಬಲ್ ಇದರದ್ದಾಗಿದ್ದರೆ ಬಹುಶಃ ಆ ರಾತ್ರಿ ಸುಮ್ಮನೆ ಮಲಗಿರುತ್ತಿತ್ತು.

ಕಷ್ಟ ಇಲ್ಲ ಅಂತಲ್ಲ. ಬೊಡ್ಡೆ ಸೊಟ್ಟ, ಮೂರಡಿ ನೇರ ತುಂಡು ಸಿಕ್ಕರೆ ಪುಣ್ಯ. ಹೊರಗಿನ ಹಳದಿ ಭಾಗವನ್ನು ಹುಳ ಬಿಡುವುದಿಲ್ಲ, ಅದನ್ನು ತೆಗೆದೇ ಬಳಸಬೇಕು. ಕಡಿದ ತುಂಡಿನ ಎರಡೂ ತುದಿಗೆ ಕೂಡಲೇ ಹಳೇ ಪೇಂಟ್ ಬಳಿಯಬೇಕು. ಇಲ್ಲದಿದ್ದರೆ ತುದಿ ಬೇಗ ಒಣಗಿ ಸೀಳುತ್ತದೆ. ಉದ್ದದ ಕೆಲಸಕ್ಕೆ ಕೈ ಹಾಕದೆ ಸಣ್ಣದನ್ನೇ ಮಾಡಿಸಿ: ಕಪಾಟಿನ ಹಿಡಿ, ಮಣೆ, ಅಡ್ಡಣಿಗೆ, ಸ್ಟೂಲು. ಎರಡಿಂಚಿನ ಪಟ್ಟಿಗಳನ್ನು ಜೋಡಿಸಿದ ಟೀಪಾಯಿಯೂ ಆದೀತು. ಹಿಂದಿನ ಗೋಡೆಗಳಲ್ಲಿ ಗಿಳಿಗೂಟ ಇರುತ್ತಿದ್ದವಲ್ಲ, ಅವನ್ನು ನಾನು ಜಾಲಿಯಲ್ಲೇ ಮಾಡಿಸುತ್ತೇನೆ. ಬಾಗಿಲ ಹಿಂದೆ ಐದು ಗೂಟ ಸಾಲಾಗಿ ಇಟ್ಟರೆ ಹೆಲ್ಮೆಟ್, ಚೀಲ, ಟವೆಲ್ ಎಲ್ಲಾ ಅಲ್ಲಿಗೇ ಹೋಗುತ್ತವೆ. ಸೋಫಾ ಮೇಲೆ ಬೀಳುವುದು ತಪ್ಪುತ್ತದೆ.

ಬಣ್ಣ ಬೇಕು ಅನ್ನುವವರನ್ನು ಕಿನ್ನಾಳಕ್ಕೆ ಕಳಿಸುತ್ತೇನೆ. ಕೊಪ್ಪಳದಿಂದ ಹತ್ತಿರವೇ. ಅಲ್ಲಿನ ಚಿತ್ರಗಾರ ಮನೆತನದವರು ಹಗುರ ಕಟ್ಟಿಗೆ ಕೆತ್ತಿ, ಹುಣಸೆ ಬೀಜದ ಸರಿ ಬಳಿದು, ಮೇಲೆ ಬಣ್ಣ ಹಾಕುತ್ತಾರೆ. ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿರುವ ಕಲೆ. ಆದರೂ ನಮ್ಮವರು ದೇವರ ಮನೆಗೆ ಫೈಬರ್ ಮೂರ್ತಿ ಆನ್‌ಲೈನ್‌ನಲ್ಲಿ ತರಿಸುತ್ತಾರೆ, ಏನು ಹೇಳೋಣ. ಒಂದು ಜೋಡಿ ಗಿಳಿ, ಒಂದು ಕಾಮಧೇನು ಇದ್ದರೂ ಬಿಳಿ ಗೋಡೆಗೆ ಬೇರೆ ಅಲಂಕಾರ ಬೇಡ. ನೇರ ಬಿಸಿಲು ಮತ್ತು ಒದ್ದೆ ಬಟ್ಟೆ ಎರಡನ್ನೂ ದೂರ ಇಡಿ.

ಪ್ಲೈವುಡ್ ಬೇಡವೇ ಬೇಡ ಅನ್ನುವವನು ನಾನಲ್ಲ. ಅಡುಗೆಮನೆ ಕಪಾಟಿಗೆ ಅದೇ ಸರಿ. ಸಿಂಕ್ ಕೆಳಗೆ ಐಎಸ್ 710 ಮುದ್ರೆ ಇರುವ, ನೀರು ತಡೆಯುವ ಮೆರೈನ್ ಪ್ಲೈವುಡ್ಡನ್ನೇ ಹಾಕಿಸಿ. ಕಟ್ಟಿಗೆಯ ನಾರು, ಚೂರು ಒತ್ತಿ ಮಾಡುವ ಎಂಡಿಎಫ್ ಮತ್ತು ಪಾರ್ಟಿಕಲ್ ಬೋರ್ಡ್ ನೀರು ಕಂಡರೆ ಹಪ್ಪಳದಂತೆ ಉಬ್ಬುತ್ತವೆ.

ಕೊನೆಯ ಕೈ ಬಗ್ಗೆ. ಹಳೇ ತೇಗಕ್ಕೆ, ಜಾಲಿಗೆ ಮಿರಮಿರ ಮಿಂಚುವ ಪಾಲಿಶ್ ನನಗೆ ಒಗ್ಗುವುದಿಲ್ಲ. ಅಗಸಿ ಎಣ್ಣೆ ಸಾಕು. ತೆಳ್ಳಗೆ ಹಚ್ಚಿ, ಅರ್ಧ ಗಂಟೆ ಬಿಟ್ಟು, ಹೆಚ್ಚಾದದ್ದನ್ನು ಒರೆಸಿ ತೆಗೆಯಿರಿ. ಮೂರು ನಾಲ್ಕು ಸಲ, ನಡುವೆ ಒಂದೆರಡು ದಿನ ಬಿಟ್ಟು. ಆದರೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಈ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆಯಾದ ಬಟ್ಟೆ ತಾನಾಗೇ ಹೊತ್ತಿಕೊಳ್ಳಬಹುದು. ಬಯಲಲ್ಲಿ ಹರವಿ ಒಣಗಿಸಿ, ಇಲ್ಲ ನೀರಲ್ಲಿ ಮುಳುಗಿಸಿಡಿ. ನಮ್ಮ ಬೇಸಿಗೆಯಲ್ಲಿ ಇದನ್ನು ತಮಾಷೆ ಅಂದುಕೊಳ್ಳಬೇಡಿ.

ಆ ಹಳ್ಳಿಯ ಮನೆಯಲ್ಲಿ ಒಂದು ಜಗಳವೂ ಆಯಿತು. ಹಳೇ ಮನೆಯ ಹೊಸ್ತಿಲು ಉಳಿದಿತ್ತು, ಮೂರೂವರೆ ಅಡಿ ಉದ್ದದ ಗಟ್ಟಿ ತೇಗ. ಮುಂಬಾಗಿಲ ಹತ್ತಿರ ಚಪ್ಪಲಿ ಹಾಕಿಕೊಳ್ಳುವಾಗ ಕೂರಲು ಅದನ್ನೇ ಕಟ್ಟೆ ಮಾಡೋಣ ಅಂದೆ. ಒಳಗಿನಿಂದ ಅಜ್ಜಿ ಬಂದರು. "ಹೊಸ್ತಿಲ ಮ್ಯಾಲ ಕುಂದ್ರಂಗಿಲ್ಲ ಅಂತ ನಿಮ್ಮವ್ವ ನಿಮಗ ಹೇಳಿಲ್ಲನು?" ಹೇಳಿದ್ದರು. ಅದನ್ನು ದೇವರ ಮನೆಯ ಗೋಡೆಗೆ ದೀಪದ ಹಲಗೆಯಾಗಿ ಕೂಡಿಸಿದೆವು. ಉಜ್ಜುವ ಹುಡುಗನಿಗೆ ಮುಂದಿನ ಮೈ ಮುಟ್ಟಬೇಡ ಅಂದಿದ್ದೆ, ಅಲ್ಲಿ ಅರಿಸಿನ ಹಚ್ಚಿ ಹಚ್ಚಿ ಕಟ್ಟಿಗೆಯೇ ಹಳದಿಯಾಗಿತ್ತು. ಭಾರ ಜಾಸ್ತಿ ಇದ್ದದ್ದರಿಂದ ಎರಡು ಬ್ರ್ಯಾಕೆಟ್ ಸಾಲಲಿಲ್ಲ, ಮೂರು ಹಾಕಿದೆವು. ನಡುವಿನದು ದೀಪದ ಸರಿಯಾಗಿ ಕೆಳಗೆ ಬರಲಿ ಅಂತ ಅಜ್ಜಿಯೇ ನಿಂತು ಗುರುತು ಹಾಕಿಸಿದರು.