ಯಂತ್ರವೇ ಅಂಕಿ ತೋರಿಸುವಾಗ ಗ್ರಾಫ್ ಏಕೆ ಎಳೆಯಬೇಕು?

ಪ್ರಶ್ನೆ: ಮಗಳು ಉಡುಪಿಯಲ್ಲಿ ಬಿ.ಎಸ್ಸಿ. ಓದುತ್ತಿದ್ದಾಳೆ. ಲ್ಯಾಬ್‌ನಲ್ಲಿ ನಮ್ಮ ಬಾವಿ ನೀರಿನ ಕಬ್ಬಿಣ ಅಳೆಯಲು ಮೂರು ಗಂಟೆ ಹಿಡಿಯಿತಂತೆ. ಉಪಕರಣದ ಮುಂದೆ ಕುಳಿತದ್ದು ಮಾತ್ರ ಹತ್ತೇ ನಿಮಿಷ. ಉಳಿದ ಹೊತ್ತೆಲ್ಲ ದ್ರಾವಣ ಮಾಡುವುದು, ಗ್ರಾಫ್ ಎಳೆಯುವುದು. ಯಂತ್ರವೇ ಅಂಕಿ ಕೊಡುವಾಗ ಇಷ್ಟೆಲ್ಲ ಏಕೆ?

ಉತ್ತರ: ಸ್ಪೆಕ್ಟ್ರೋಫೋಟೋಮೀಟರ್ ತೋರಿಸುವ ಅಂಕಿ ಬೆಳಕಿಗೆ ಸಂಬಂಧಿಸಿದ್ದು. ದ್ರಾವಣ ಎಷ್ಟು ಬೆಳಕನ್ನು ಹೀರಿಕೊಂಡಿತು ಎಂಬುದಷ್ಟೇ ಅದಕ್ಕೆ ಗೊತ್ತು. ಬಾವಿ ನೀರಿನಲ್ಲಿ ಕರಗಿರುವ ಅಲ್ಪ ಕಬ್ಬಿಣಕ್ಕೆ ಕಣ್ಣಿಗೆ ಕಾಣುವ ಬಣ್ಣವೇ ಇಲ್ಲ. ಹಾಗಾಗಿ ಮಕ್ಕಳು ಮೊದಲು ಹೈಡ್ರಾಕ್ಸಿಲಮಿನ್ ಸೇರಿಸಿ ಕಬ್ಬಿಣವನ್ನೆಲ್ಲ ಫೆರಸ್ ರೂಪಕ್ಕೆ ತರುತ್ತಾರೆ, ಅಸಿಟೇಟ್‌ನಿಂದ ಆಮ್ಲೀಯತೆಯನ್ನು ಹದಗೊಳಿಸುತ್ತಾರೆ, ಆಮೇಲೆ ಕಬ್ಬಿಣದೊಂದಿಗೆ ಸೇರಿ ಬಣ್ಣ ಕೊಡುವ ಫಿನಾಂತ್ರೊಲಿನ್ ಹಾಕುತ್ತಾರೆ. ನೋಡನೋಡುತ್ತ ನೀರು ಕಿತ್ತಳೆಗೆಂಪಾಗುತ್ತದೆ. ಆ ಬಣ್ಣ 510 ನ್ಯಾನೋಮೀಟರ್ ತರಂಗಾಂತರದ ಆಸುಪಾಸಿನ ಬೆಳಕನ್ನು ಅತಿ ಹೆಚ್ಚು ಹೀರುತ್ತದೆ.

ಈಗ ಬೆಳಕಿನ ಅಂಕಿಯನ್ನು ಕಬ್ಬಿಣದ ಅಂಕಿಯಾಗಿ ಬದಲಿಸಬೇಕು. ಗ್ರಾಫ್ ಬೇಕಾಗುವುದು ಇಲ್ಲಿ. 0.702 ಗ್ರಾಂ ಮೋರ್ ಲವಣವನ್ನು (ಫೆರಸ್ ಅಮೋನಿಯಂ ಸಲ್ಫೇಟ್) ತುಸು ಆಮ್ಲದೊಂದಿಗೆ ಒಂದು ಲೀಟರ್ ನೀರಿನಲ್ಲಿ ಕರಗಿಸಿದರೆ ಅದರಲ್ಲಿ 100 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ಅದನ್ನು ತೆಳುಗೊಳಿಸಿ ಲೀಟರಿಗೆ 1, 2, 3, 4 ಮಿಲಿಗ್ರಾಂ ಇರುವ ದ್ರಾವಣಗಳನ್ನು ಮಾಡಿ ಬಣ್ಣ ಬರಿಸಿದರೆ, ದ್ರಾವಣ ತುಂಬುವ ಪುಟ್ಟ ಪಾರದರ್ಶಕ ಪಾತ್ರೆಯಾದ ಒಂದು ಸೆಂಟಿಮೀಟರ್ ಕ್ಯುವೆಟ್‌ನಲ್ಲಿ ರೀಡಿಂಗ್ ಸುಮಾರು 0.2, 0.4, 0.6, 0.8 ಬರುತ್ತದೆ. ಕಬ್ಬಿಣ ಹೆಚ್ಚಿದಷ್ಟೇ ಪ್ರಮಾಣದಲ್ಲಿ ಹೀರಿಕೆಯೂ ಹೆಚ್ಚುತ್ತದೆ ಎನ್ನುವ ಬೀರ್–ಲ್ಯಾಂಬರ್ಟ್ ನಿಯಮದಂತೆ ಚುಕ್ಕೆಗಳು ನೇರ ಗೆರೆಯಲ್ಲಿ ನಿಲ್ಲುತ್ತವೆ. ಬಾವಿ ನೀರಿನ ರೀಡಿಂಗನ್ನು ಆ ಗೆರೆಯ ಮೇಲೆ ಗುರುತಿಸಿದರೆ ಅದರ ಕಬ್ಬಿಣ ಎಷ್ಟೆಂದು ಸಿಗುತ್ತದೆ. ಪಿಪೆಟ್ ಹಿಡಿದ ಕೈ ಒಮ್ಮೆ ತಪ್ಪಿದ್ದರೆ ಒಂದು ಚುಕ್ಕೆ ಗೆರೆಯಿಂದ ಹೊರಗೆ ಬಿದ್ದಿರುತ್ತದೆ. ಆ ಚುಕ್ಕೆಯನ್ನು ಅಳಿಸದೆ, ಯಾವ ಫ್ಲಾಸ್ಕ್‌ನಲ್ಲಿ ಎಡವಿದೆ ಎಂದು ಹುಡುಕುವ ಅರ್ಧ ಗಂಟೆಯೇ ಇಡೀ ಮಧ್ಯಾಹ್ನದ ಅತ್ಯುತ್ತಮ ಪಾಠ ಎಂದು ನಾನು ನಂಬುತ್ತೇನೆ.

ಕಳೆದ ವರ್ಷದ ಗ್ರಾಫನ್ನೇ ಬಳಸಬಾರದೇ? ಬಾರದು. ಫಿನಾಂತ್ರೊಲಿನ್ ದ್ರಾವಣ ಹಳತಾಗಿರಬಹುದು, ಉಪಕರಣದ ತರಂಗಾಂತರ ತುಸು ಸರಿದಿರಬಹುದು.

ನಮ್ಮ ಕರಾವಳಿಯ ಗಾಳಿಯೂ ರೀಡಿಂಗ್‌ನಲ್ಲಿ ಕೈಯಾಡಿಸುತ್ತದೆ. ಫ್ರಿಜ್‌ನಿಂದ ತೆಗೆದ ದ್ರಾವಣವನ್ನು ನೇರವಾಗಿ ಕ್ಯುವೆಟ್‌ಗೆ ಹಾಕಿದರೆ ಹೊರಮೈ ಮಂಜುಗಟ್ಟಿ ಬೆಳಕನ್ನು ತಡೆಯುತ್ತದೆ. ಇನ್‌ಫ್ರಾರೆಡ್ ಪ್ರಯೋಗಕ್ಕೆ ಪೊಟ್ಯಾಸಿಯಂ ಬ್ರೋಮೈಡ್ ಬಿಲ್ಲೆ ಒತ್ತುವವರಿಗೆ ಜುಲೈ ತಿಂಗಳ ಮಂಗಳೂರು ಇನ್ನೂ ಕಷ್ಟ: ಪುಡಿ ತೇವ ಹೀರಿ, ವಸ್ತುವಿನಲ್ಲಿ ಇಲ್ಲದ ನೀರಿನ ಅಗಲವಾದ ಪಟ್ಟಿ ತರಂಗಸಂಖ್ಯೆ 3400ರ (ಪ್ರತಿ ಸೆಂಟಿಮೀಟರಿಗೆ) ಸುತ್ತ ಮೂಡುತ್ತದೆ. ಅದನ್ನು ಆಲ್ಕೊಹಾಲ್ ಗುಂಪೆಂದು ಬರೆದುಬಿಡುವುದು ಸುಲಭ.

ಎಲ್ಲಕ್ಕಿಂತ ದೊಡ್ಡ ತಪ್ಪು ನಡೆಯುವುದು ಲ್ಯಾಬ್‌ನ ಹೊರಗೆ. ಮುರಕಲ್ಲಿನ ಕೆಂಪು ಬಣ್ಣಕ್ಕೆ ಕಬ್ಬಿಣವೇ ಕಾರಣ. ಆ ನೆಲದಲ್ಲಿ ತೋಡಿದ ಬಾವಿಯಲ್ಲಿ ಕಬ್ಬಿಣ ಕಂಡರೆ ಅಚ್ಚರಿಯಿಲ್ಲ. ಆದರೆ ಹಿಂದಿನ ಸಂಜೆ ಸೇದಿ ತುಂಬಿಟ್ಟ ಬಾಟಲಿಯಲ್ಲಿ ಕರಗಿದ ಕಬ್ಬಿಣ ಗಾಳಿಯೊಂದಿಗೆ ಬೆರೆತು ಕಂದು ಗಸಿಯಾಗಿ ತಳಕ್ಕಿಳಿಯುತ್ತದೆ. ಬೆಳಿಗ್ಗೆ ಮೇಲಿನ ತಿಳಿನೀರನ್ನಷ್ಟೇ ಬಗ್ಗಿಸಿಕೊಂಡರೆ ರೀಡಿಂಗ್ ಸೊನ್ನೆಯ ಹತ್ತಿರ ನಿಲ್ಲುತ್ತದೆ. ಗ್ರಾಫ್ ಅಚ್ಚುಕಟ್ಟಾಗಿರುತ್ತದೆ, ಉಪಕರಣ ಸರಿಯಾಗಿಯೇ ಇರುತ್ತದೆ, ಉತ್ತರ ಮಾತ್ರ ತಪ್ಪು. ನೀರು ತುಂಬಿದ ಕ್ಷಣದಲ್ಲೇ ಹೈಡ್ರೋಕ್ಲೋರಿಕ್ ಆಮ್ಲ ಸೇರಿದರೆ ಕಬ್ಬಿಣ ಕರಗಿದಂತೆಯೇ ಉಳಿಯುತ್ತದೆ.

ಮಗಳು ರೆಕಾರ್ಡ್ ಪುಸ್ತಕ ತಂದಾಗ ಅಂಕಿಯನ್ನು ಆಮೇಲೆ ನೋಡಿ. ಬಾಟಲಿ ತುಂಬಿದ್ದು ಎಷ್ಟು ಹೊತ್ತಿಗೆ, ಅದರಲ್ಲಿ ಆಮ್ಲ ಇತ್ತೇ, ತಳದಲ್ಲಿ ಗಸಿ ಕಂಡಿತೇ ಎಂದು ಮೊದಲು ಕೇಳಿ.