ಸ್ವಿಚ್ ಆಫ್ ಇದ್ದರೂ ಆರ್‌ಸಿಸಿಬಿ ಬೀಳುವುದು ಏಕೆ? ಟ್ಯೂಬ್‌ಲೈಟ್ ಅರ್ಥ್ ಫಾಲ್ಟ್ ಟಿಪ್ಪಣಿ

ಆರ್‌ಸಿಸಿಬಿ ಎಂದರೆ ಕರೆಂಟ್ ಭೂಮಿಗೆ ಸೋರಿದರೆ ತಾನೇ ಬಿದ್ದು (ಟ್ರಿಪ್ ಆಗಿ) ಸಪ್ಲೈ ಕಡಿಯುವ ಸ್ವಿಚ್. ಟ್ಯೂಬ್ ಹೊತ್ತಿಸುವ ಚೋಕ್-ಸ್ಟಾರ್ಟರ್ ಸರ್ಕ್ಯೂಟ್ ನಮ್ಮ ಎಲೆಕ್ಟ್ರಿಷಿಯನ್ ಟ್ರೇಡಿನವರಿಗೆಲ್ಲ ಬಾಯಿಪಾಠ, ಅದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ಟ್ಯೂಬ್‌ಲೈಟಿನ ತಗಡಿನ ಪಟ್ಟಿಯಲ್ಲಿ ಅರ್ಥ್ ಫಾಲ್ಟ್ ಎರಡು ಬಗೆ: ಫೇಸ್ ಪಟ್ಟಿಗೆ ತಗಲುವುದು, ನ್ಯೂಟ್ರಲ್ ಪಟ್ಟಿಗೆ ತಗಲುವುದು.

ಫೇಸ್ ತಗಲಿದ್ದು ಬೇಗ ಸಿಗುತ್ತದೆ. ಹಳೆಯ ತಾಮ್ರದ ಚೋಕ್ (ಟ್ಯೂಬಿನ ಕರೆಂಟನ್ನು ಮಿತಿಯಲ್ಲಿಡುವ ಸುರುಳಿ) ಕಾದು ಕಾದು ಒಳಗಿನ ಇನ್ಸುಲೇಷನ್ ಹೋಗುತ್ತದೆ, ಫೇಸ್ ಅದರ ಕಬ್ಬಿಣದ ಮೈಗೆ ಬಂದು ಸ್ಕ್ರೂ ಮೂಲಕ ಪಟ್ಟಿಗೆ ಇಳಿಯುತ್ತದೆ. ಅರ್ಥ್ ವೈರ್ ಸರಿಯಿದ್ದರೆ ಸ್ವಿಚ್ ಹಾಕಿದ ಕೂಡಲೇ ಆರ್‌ಸಿಸಿಬಿ ಬೀಳುತ್ತದೆ. ಅರ್ಥ್ ವೈರ್ ಕಟ್ ಆಗಿದ್ದರೆ ಯಾರಾದರೂ ಮುಟ್ಟುವವರೆಗೆ ಏನೂ ಬೀಳುವುದಿಲ್ಲ, ಪಟ್ಟಿ ಮುಟ್ಟಿದವರಿಗೆ 230 ವೋಲ್ಟ್ ಶಾಕ್.

ತಲೆ ಕೆಡಿಸುವುದು ನ್ಯೂಟ್ರಲ್ ಫಾಲ್ಟ್. ಬಳ್ಳಾರಿಯ ಜೀನ್ಸ್ ಹೊಲಿಯುವ ಶೆಡ್ಡುಗಳಲ್ಲಿ ಮಷೀನುಗಳ ಮೇಲೆ ಸಾಲಾಗಿ ಟ್ಯೂಬ್‌ಲೈಟ್, ಮೂಲೆಯಲ್ಲಿ ಐರನ್ ಟೇಬಲ್. ಅಂಥದೊಂದು ಶೆಡ್ಡಿನ ಮಾಲೀಕರು ಹೇಳಿದ್ದು: "ಐರನ್ ಬಾಕ್ಸ್ ಹಾಕಿದ್ರೆ ಸಾಕು ಕರೆಂಟ್ ಹೋಗ್ತೈತೆ ನೋಡು ತಮ್ಮ. ಬಾಕ್ಸ್ ಬದಲು ಮಾಡಿದ್ರೂ ಅಷ್ಟೇ." ಐರನ್ ಬಾಕ್ಸಿಗೆ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಹಿಡಿದರೆ ಏನೂ ದೋಷವಿಲ್ಲ. ದೋಷ ಇದ್ದದ್ದು ಸ್ವಿಚ್ ಆಫ್ ಮಾಡಿಟ್ಟಿದ್ದ ಒಂದು ಟ್ಯೂಬ್‌ಲೈಟಿನಲ್ಲಿ.

ಇದನ್ನು ನಿಧಾನವಾಗಿ ನೋಡಬೇಕು. ಸ್ವಿಚ್ ಕಡಿಯುವುದು ಫೇಸನ್ನು ಮಾತ್ರ. ಸಿಂಗಲ್ ಪೋಲ್ ಎಂಸಿಬಿಯೂ (ಓವರ್‌ಲೋಡ್ ಆದರೆ ಬೀಳುವ ಸ್ವಿಚ್) ಅಷ್ಟೇ. ಪಟ್ಟಿಯ ನ್ಯೂಟ್ರಲ್ ವೈರ್ ಡಿಬಿಯ (ಲೈನುಗಳನ್ನು ಹಂಚುವ ಪೆಟ್ಟಿಗೆಯ) ನ್ಯೂಟ್ರಲ್ ಲಿಂಕಿಗೆ, ಅಂದರೆ ನ್ಯೂಟ್ರಲ್ ವೈರುಗಳೆಲ್ಲ ಸೇರುವ ಜಾಗಕ್ಕೆ, ಸದಾ ಕೂಡಿಕೊಂಡೇ ಇರುತ್ತದೆ. ನ್ಯೂಟ್ರಲ್‌ನಲ್ಲಿ ವೋಲ್ಟೇಜ್ ಸೊನ್ನೆ ಎಂದು ಓದುತ್ತೇವೆ, ಆದರೆ ಅದನ್ನು ಭೂಮಿಗೆ ಕಟ್ಟಿರುವುದು ದೂರದ ಟ್ರಾನ್ಸ್‌ಫಾರ್ಮರ್ ಹತ್ತಿರ. ಅಲ್ಲಿಂದ ನಮ್ಮ ಡಿಬಿವರೆಗಿನ ವೈರಿಗೆ ರೆಸಿಸ್ಟೆನ್ಸ್ ಇದೆ. ಅದು 0.2 ಓಮ್ ಎಂದು ಹಿಡಿಯಿರಿ. 1000 ವಾಟಿನ ಐರನ್ ಬಾಕ್ಸ್ ಸುಮಾರು 4.3 ಆಂಪಿಯರ್ ಎಳೆದಾಗ ನಮ್ಮ ನ್ಯೂಟ್ರಲ್ ಭೂಮಿಗಿಂತ 0.86 ವೋಲ್ಟ್ ಮೇಲೇಳುತ್ತದೆ. ಒಂದು ವೋಲ್ಟೂ ಇಲ್ಲ, ಇದರಿಂದ ಏನಾದೀತು ಅನಿಸುತ್ತದೆ. ಆದರೆ ನ್ಯೂಟ್ರಲ್ ಪಟ್ಟಿಗೆ ತಗಲಿದ್ದರೆ ಕರೆಂಟಿಗೆ ಇನ್ನೊಂದು ದಾರಿ ಸಿಕ್ಕಿದೆ: ಪಟ್ಟಿ, ಅರ್ಥ್ ವೈರ್, ಅರ್ಥ್ ಪಿಟ್, ಭೂಮಿ, ಟ್ರಾನ್ಸ್‌ಫಾರ್ಮರ್. ಆ ದಾರಿ ಒಟ್ಟು 8 ಓಮ್ ಆದರೂ 0.86 ಭಾಗಿಸು 8, ಸುಮಾರು 0.1 ಆಂಪಿಯರ್, ಅಂದರೆ 100 ಮಿಲಿಆಂಪಿಯರ್. ಹೋದ ಕರೆಂಟಿಗೂ ವಾಪಸ್ ಬಂದ ಕರೆಂಟಿಗೂ 30 ಮಿಲಿಆಂಪಿಯರ್ ವ್ಯತ್ಯಾಸ ಕಂಡರೆ ಆರ್‌ಸಿಸಿಬಿ ಬೀಳಲೇಬೇಕು.

ಲೋಡ್ ಇಲ್ಲದಾಗ ಇದು ಬೀಳುವುದಿಲ್ಲ. ತುಂಗಭದ್ರಾ ಮೇಲ್ಮಟ್ಟದ ಕಾಲುವೆಯ (ಎಚ್‌ಎಲ್‌ಸಿ) ಏರಿ ಬಿರುಕು ಬಿಟ್ಟಿದ್ದರೂ ನೀರು ಬಿಟ್ಟಾಗ ಮಾತ್ರ ಸೋರುವ ಹಾಗೆ. ಅದಕ್ಕೇ ಕೊನೆಗೆ ಹಾಕಿದ ಲೋಡಿನ ಮೇಲೆ ಎಲ್ಲರ ಸಂಶಯ. ನನಗೆ ಇಷ್ಟವಾದ ಪರೀಕ್ಷೆ ಇದು: ಐರನ್ ಬಾಕ್ಸ್ ತೆಗೆದು, ಟೆಸ್ಟ್ ಬೋರ್ಡಿನ ಪ್ಲಾಸ್ಟಿಕ್ ಹೋಲ್ಡರಿನಲ್ಲಿ 200 ವಾಟಿನ ಮೂರು ಬಲ್ಬ್ ಉರಿಸಿ. ಅವುಗಳಿಗೆ ಅರ್ಥ್ ಸಂಪರ್ಕವೇ ಇಲ್ಲ, ಲೀಕ್ ಆಗಲು ದಾರಿಯಿಲ್ಲ. ಆದರೂ ಬಿದ್ದರೆ ನ್ಯೂಟ್ರಲ್ ಎಲ್ಲೋ ಅರ್ಥ್ ಆಗಿದೆ.

ಹುಡುಕುವಾಗ ಆರ್‌ಸಿಸಿಬಿ ಆಫ್ ಮಾಡಿ, ಅದು ಎರಡೂ ಪೋಲ್ ಕಡಿಯುತ್ತದೆ. ಸಪ್ಲೈ ಇಲ್ಲವೆಂದು ಖಾತ್ರಿ ಮಾಡಿಕೊಂಡು ಲಿಂಕಿನಿಂದ ಒಂದೊಂದೇ ನ್ಯೂಟ್ರಲ್ ಬಿಚ್ಚಿ, ಅದಕ್ಕೂ ಅರ್ಥ್ ಲಿಂಕಿಗೂ 500 ವೋಲ್ಟ್ ಮೆಗ್ಗರ್ ಹಿಡಿಯಿರಿ. ಒಂದು ಮೆಗಾಓಮ್ ಮೇಲಿದ್ದರೆ ಸರಿ. ಸೊನ್ನೆ ತೋರಿಸಿದ ಲೈನನ್ನು ನಡುವಿನ ಫಿಟ್ಟಿಂಗಿನಲ್ಲಿ ಬಿಚ್ಚಿದರೆ ಅರ್ಧ ಲೈನಿನ ಹುಡುಕಾಟ ತಪ್ಪುತ್ತದೆ.

ಪಟ್ಟಿ ಸಿಕ್ಕ ಮೇಲೆ ಸಪ್ಲೈ ವೈರ್ ಬಿಡಿಸಿ ಟ್ಯೂಬ್ ತೆಗೆಯಿರಿ. ಆಗ ಚೋಕ್ ಕಡೆಯೂ ನ್ಯೂಟ್ರಲ್ ಕಡೆಯೂ ಬೇರೆ ಬೇರೆಯಾಗುತ್ತವೆ (ಫೇಸ್-ನ್ಯೂಟ್ರಲ್ ನಡುವೆ ಕಂಡೆನ್ಸರ್ ಇದ್ದರೆ ಅದನ್ನೂ ಬಿಡಿಸಿ). ಒಂದೊಂದು ಕಡೆಯಿಂದ ಪಟ್ಟಿಗೆ ಮೆಗ್ಗರ್ ಹಿಡಿದರೆ ಯಾವ ಕಡೆ ಫಾಲ್ಟ್ ಎಂದು ಅದೇ ಹೇಳುತ್ತದೆ. ಪ್ರಾಡ್ (ಮೆಗ್ಗರಿನ ಮೊನೆ) ಇಡುವ ಜಾಗದಲ್ಲಿ ಬಣ್ಣ ಕೆರೆಯಿರಿ, ಬಣ್ಣದ ಮೇಲೆ ಇಟ್ಟರೆ ಫಾಲ್ಟ್ ಇದ್ದರೂ ತೋರಿಸದು. ಆ ಶೆಡ್ಡಿನ ಪಟ್ಟಿಯಲ್ಲಿ ಕಪ್ಪು (ನ್ಯೂಟ್ರಲ್) ವೈರ್ ಮುಚ್ಚಳದ ಅಂಚಿಗೆ ಸಿಕ್ಕಿತ್ತು. ಚೋಕಿನ ಬಿಸಿಗೆ ಪಿವಿಸಿ ಗಡುಸಾಗಿ ಸೀಳಿ, ಒಂದೇ ಒಂದು ಎಳೆ ತಾಮ್ರ ತಗಡಿಗೆ ಒತ್ತಿಕೊಂಡಿತ್ತು.

ಎಲೆಕ್ಟ್ರಾನಿಕ್ ಚೋಕ್ ಇದ್ದರೆ ಫೇಸ್-ನ್ಯೂಟ್ರಲ್ ಎರಡನ್ನೂ ಕೂಡಿಸಿ ಅರ್ಥಿಗೆ ಮೆಗ್ಗರ್ ಹಿಡಿಯಬೇಕು, ಅವೆರಡರ ನಡುವೆ ಹಿಡಿದರೆ ಚೋಕ್ ಹಾಳಾಗಬಹುದು. ಕೆಲವು ಚೋಕಿನ ಫಿಲ್ಟರ್ ಕೆಪಾಸಿಟರ್ ಅರ್ಥಿಗೆ ಸ್ವಲ್ಪ ಕರೆಂಟ್ ಬಿಡುತ್ತದೆ, ಅದು ಫಾಲ್ಟ್ ಅಲ್ಲ. ಪಟ್ಟಿಗೆ ಅರ ಮಿಲಿಆಂಪಿಯರ್ ಎಂದರೂ 30 ಪಟ್ಟಿಗೆ 15 ಆಯಿತು. 30 ಮಿಲಿಆಂಪಿಯರ್ ಆರ್‌ಸಿಸಿಬಿ 15 ದಾಟಿದ ಮೇಲೆ ಯಾವಾಗ ಬೇಕಾದರೂ ಬೀಳಬಹುದು. ಕಾಟ ತಪ್ಪಿಸಲು ಅರ್ಥ್ ವೈರನ್ನೇ ಕತ್ತರಿಸುವವರಿದ್ದಾರೆ. ಅದನ್ನು ಯಾವ ಕಾರಣಕ್ಕೂ ಮಾಡಬೇಡಿ, ಸಾಲನ್ನು ಎರಡು ಆರ್‌ಸಿಸಿಬಿಗೆ ಹಂಚಿ.